ಬೆಳಕಿನ ದಿಕ್ಕು ತಿಳಿಯಲು ನೆರಳು ಬೇಕು

ಪಾವಗಡ ತಾಲ್ಲೂಕಿನಲ್ಲಿ ಬಳಸಮುದ್ರ ಎಂಬ ಊರಿದೆ. ಹೆಸರಿನಲ್ಲಿ ಸಮುದ್ರವಿದ್ದರೂ ಆ ಊರಿಗೂ ಕಡಲಿಗೂ ನೂರಾರು ಕಿಲೋಮೀಟರ್ ಅಂತರ. ದೊಡ್ಡ ಕೆರೆಯನ್ನು ‘ಸಮುದ್ರ’ ಎಂದು ಕರೆಯುವುದು ನಮ್ಮ ಬಯಲುಸೀಮೆಯ ಹಳೆಯ ವಾಡಿಕೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಬಹುಪಾಲು ಮಕ್ಕಳಿಗೆ ಕಡಲಿನ ಪ್ರಾಣಿಗಳ ಪರಿಚಯವಾಗುವುದು ಪಠ್ಯಪುಸ್ತಕದ ಚಿತ್ರಗಳ ಮೂಲಕವೇ. ಅಂಬಲಿ ಮೀನು, ನೆರೀಸ್, ನಕ್ಷತ್ರ ಮೀನು ಇವೆಲ್ಲ ಅವರಿಗೆ ಪರೀಕ್ಷೆಗೆ ಬರೆಯಬೇಕಾದ ಚಿತ್ರಗಳು.

ಆ ಚಿತ್ರಗಳನ್ನು ನೋಡಿದ ಮಗು ಒಂದು ಪ್ರಶ್ನೆ ಕೇಳಬಹುದು: “ಈ ಪ್ರಾಣಿಗೆ ಕಣ್ಣೆಲ್ಲಿದೆ? ಕಣ್ಣಿಲ್ಲದಿದ್ದರೆ ಹಗಲು ರಾತ್ರಿ ಹೇಗೆ ಗೊತ್ತಾಗುತ್ತದೆ?” ಕಣ್ಣನ್ನು ಕ್ಯಾಮರಾಕ್ಕೆ ಹೋಲಿಸಿ ಪಾಠ ಮಾಡುವ ನಮಗೆ ಇದಕ್ಕೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ಮಸೂರ, ಅಕ್ಷಿಪಟಲ, ತಲೆಕೆಳಗಾದ ಬಿಂಬ ಇಷ್ಟನ್ನೂ ಹೇಳಿದ ಮೇಲೆ, ಬಿಂಬವಿಲ್ಲದಿದ್ದರೆ ನೋಟವೇ ಇಲ್ಲ ಎಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ. ಮುಂದೆ ಜೀವವಿಕಾಸದ ಪಾಠ ಬಂದಾಗ ಅದೇ ಭಾವನೆ ತೊಡಕಾಗುತ್ತದೆ: “ಕಣ್ಣು ಹಂತಹಂತವಾಗಿ ರೂಪುಗೊಂಡಿತು ಎನ್ನುತ್ತೀರಿ. ಅರ್ಧ ಕಣ್ಣಿನಿಂದ ಏನು ಉಪಯೋಗ?”

ಈ ಪ್ರಶ್ನೆಗೆ ಉತ್ತರ ಸರಳ ಜಲಜೀವಿಗಳಲ್ಲಿದೆ. ಆ ಉತ್ತರವನ್ನು ಅರ್ಥ ಮಾಡಿಕೊಳ್ಳಲು ಬೇಕಾಗುವುದು ಜೀವಶಾಸ್ತ್ರಕ್ಕಿಂತ ಹೆಚ್ಚಾಗಿ ಪ್ರೌಢಶಾಲೆಯ ಭೌತಶಾಸ್ತ್ರ.

ಮೂರು ಬೇರೆ ಬೇರೆ ಪ್ರಶ್ನೆಗಳು

‘ಬೆಳಕನ್ನು ತಿಳಿಯುವುದು’ ಎಂಬ ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಮೊದಲನೆಯದು, ಬೆಳಕು ಇದೆಯೆ, ಇಲ್ಲವೆ? ಎರಡನೆಯದು, ಬೆಳಕು ಯಾವ ಕಡೆಯಿಂದ ಬರುತ್ತಿದೆ? ಮೂರನೆಯದು, ಆ ಕಡೆ ಏನಿದೆ?

ಮೊದಲನೆಯದಕ್ಕೆ ಬೆಳಕನ್ನು ಹೀರುವ ಒಂದು ಅಣು ಸಾಕು. ಎರಡನೆಯದಕ್ಕೆ ಆ ಅಣುವಿನ ಪಕ್ಕದಲ್ಲಿ ಒಂದು ಮರೆ, ಅಂದರೆ ನೆರಳು, ಬೇಕು. ಮೂರನೆಯದಕ್ಕೆ ಹಲವು ದಿಕ್ಕುಗಳ ಬೆಳಕನ್ನು ಏಕಕಾಲದಲ್ಲಿ ಬೇರ್ಪಡಿಸಬೇಕು. ಮಸೂರ ಮತ್ತು ಅಕ್ಷಿಪಟಲ ಬೇಕಾಗುವುದು ಇಲ್ಲಿ. ನಮ್ಮ ಪಠ್ಯಪುಸ್ತಕದ ಕಣ್ಣು ಮೂರನೆಯ ಪ್ರಶ್ನೆಗೆ ಉತ್ತರ. ಜಲಜೀವಿಗಳಲ್ಲಿ ಅನೇಕವು ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು ಎಂಬಂತೆ ಬದುಕುತ್ತವೆ.

ಒಂದು ಅಣು, ಒಂದು ಫೋಟಾನ್

ಹುಳುವಿನಿಂದ ಮನುಷ್ಯನವರೆಗೆ ಬಹುತೇಕ ಪ್ರಾಣಿಗಳಲ್ಲಿ ಬೆಳಕನ್ನು ಹಿಡಿಯುವ ಕೆಲಸ ಆಪ್ಸಿನ್ ಎಂಬ ಪ್ರೋಟೀನ್ ಗುಂಪಿನದು. ಈ ಪ್ರೋಟೀನಿನ ಒಳಗೆ ರೆಟಿನಾಲ್ ಎಂಬ ಚಿಕ್ಕ ಅಣು ಸೇರಿಕೊಂಡಿರುತ್ತದೆ. ರೆಟಿನಾಲ್ ತಯಾರಾಗುವುದು ಎ ಜೀವಸತ್ವದಿಂದ. ನುಗ್ಗೆಸೊಪ್ಪು, ಪರಂಗಿಹಣ್ಣು, ಕ್ಯಾರೆಟ್ ತಿನ್ನಿ, ಇಲ್ಲದಿದ್ದರೆ ಇರುಳುಗುರುಡು ಬಂದೀತು ಎಂದು ನಾವು ಮಕ್ಕಳಿಗೆ ಹೇಳುವುದು ಇದೇ ಕಾರಣಕ್ಕೆ.

ಕತ್ತಲಿನಲ್ಲಿ ರೆಟಿನಾಲ್ ಅಣು ಬಾಗಿದ ಸ್ಥಿತಿಯಲ್ಲಿರುತ್ತದೆ. ಒಂದು ಫೋಟಾನನ್ನು ಹೀರಿದೊಡನೆ ಅದು ನೆಟ್ಟಗಾಗುತ್ತದೆ. ಈ ಬದಲಾವಣೆಗೆ ಹಿಡಿಯುವ ಕಾಲ ಸುಮಾರು 200 ಫೆಮ್ಟೊಸೆಕೆಂಡ್, ಅಂದರೆ ಸೆಕೆಂಡಿನ ಐದು ಲಕ್ಷ ಕೋಟಿಯ ಒಂದು ಭಾಗ. ಅಣು ನೆಟ್ಟಗಾದಾಗ ಅದನ್ನು ಸುತ್ತುವರಿದ ಪ್ರೋಟೀನಿನ ಆಕಾರವೂ ಬದಲಾಗಿ, ಕೋಶದಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ.

ಇಲ್ಲಿ ಒಂದು ಸರಳ ಲೆಕ್ಕ ಮಾಡೋಣ. 500 ನ್ಯಾನೊಮೀಟರ್ ತರಂಗದೂರದ ಬೆಳಕಿನಲ್ಲಿ ಒಂದು ಫೋಟಾನಿನ ಶಕ್ತಿ ಸುಮಾರು 2.5 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ತಾಪದಲ್ಲಿ ಅಣುಗಳ ಉಷ್ಣಚಲನೆಗೆ ಸಂಬಂಧಿಸಿದ ಶಕ್ತಿ ಸುಮಾರು 0.026 ಎಲೆಕ್ಟ್ರಾನ್ ವೋಲ್ಟ್. ಎರಡರ ನಡುವೆ ಸುಮಾರು ನೂರು ಪಟ್ಟು ವ್ಯತ್ಯಾಸ. ಆದ್ದರಿಂದಲೇ ಬಿಸಿಯ ಅಲುಗಾಟದಿಂದ ರೆಟಿನಾಲ್ ತಾನಾಗಿ ನೆಟ್ಟಗಾಗುವುದು ತೀರ ಅಪರೂಪ, ಫೋಟಾನ್ ತಾಗಿದರೆ ಸುಲಭ. ಜೀವಿಗಳು ನಂಬಬಹುದಾದ ಸಂಕೇತವಾಗಿ ಬೆಳಕು ಒದಗಿಬಂದದ್ದು ಹೀಗೆ.

ಈ ಮೊದಲ ಹಂತದಲ್ಲಿಯೇ ಬದುಕುವ ಪ್ರಾಣಿಗೆ ಹೈಡ್ರಾ ಒಳ್ಳೆಯ ಉದಾಹರಣೆ. ಸಿಹಿನೀರಿನ ಗಿಡಗಳಿಗೆ ಅಂಟಿಕೊಂಡಿರುವ ಈ ಜೀವಿ ಅಂಬಲಿ ಮೀನಿನ ಬಂಧು. ಇದಕ್ಕೆ ಕಣ್ಣಿಲ್ಲ. ಆದರೂ ಪಾತ್ರೆಯಲ್ಲಿ ಬೆಳಕಿರುವ ಕಡೆಗೆ ಹೈಡ್ರಾಗಳು ನಿಧಾನವಾಗಿ ಬಂದು ಸೇರುತ್ತವೆ ಎಂಬುದನ್ನು ಅಬ್ರಹಾಂ ಟ್ರೆಂಬ್ಲಿ ಎಂಬ ವಿಜ್ಞಾನಿ 1744ರಲ್ಲಿಯೇ ವಿವರವಾಗಿ ಬರೆದಿದ್ದ.

ಬೆನ್ನಿಲ್ಲದ ಫಲಕ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಅದನ್ನು ತಿಳಿಯಲು ಪಾವಗಡದ ಸೌರ ಉದ್ಯಾನವೇ ಸಹಾಯಕ್ಕೆ ಬರುತ್ತದೆ. ತಿರುಮಣಿ, ಬಳಸಮುದ್ರ ಮೊದಲಾದ ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಹರಡಿರುವ ಈ ‘ಶಕ್ತಿಸ್ಥಲ’ದ ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು, 2019ರ ಡಿಸೆಂಬರ್ ಹೊತ್ತಿಗೆ ಅದು 2050 ಮೆಗಾವಾಟ್ ಸಾಮರ್ಥ್ಯ ತಲುಪಿತು.

ಅಲ್ಲಿನ ಸಾಮಾನ್ಯ ಸೌರಫಲಕವೊಂದನ್ನು ಕೈಯಲ್ಲಿ ಹಿಡಿದಿದ್ದೀರಿ, ಅದಕ್ಕೊಂದು ಆಮ್ಮೀಟರ್ ಜೋಡಿಸಿದ್ದೀರಿ ಎಂದುಕೊಳ್ಳಿ. ಕಣ್ಣು ಮುಚ್ಚಿಕೊಂಡೇ ನೀವು ಸೂರ್ಯನ ದಿಕ್ಕನ್ನು ಹೇಳಬಲ್ಲಿರಾ? ಖಂಡಿತ ಹೇಳಬಹುದು. ಫಲಕವನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ, ಗೆಳೆಯನೊಬ್ಬ ಮೀಟರಿನ ಅಂಕಿಯನ್ನು ಓದಿ ಹೇಳಲಿ. ಅತಿ ಹೆಚ್ಚು ವಿದ್ಯುತ್ ಬಂದ ದಿಕ್ಕೇ ಸೂರ್ಯನ ದಿಕ್ಕು. ಇದು ಸಾಧ್ಯವಾದದ್ದು ಏಕೆ? ಫಲಕಕ್ಕೆ ಬೆಳಕನ್ನು ಬಿಡದ ಬೆನ್ನೊಂದಿದೆ. ಬೆನ್ನನ್ನು ಸೂರ್ಯನ ಕಡೆ ಮಾಡಿದರೆ ವಿದ್ಯುತ್ ಕುಸಿಯುತ್ತದೆ.

ಜೀವಕೋಶಕ್ಕೆ ಇಂಥ ಬೆನ್ನು ಇಲ್ಲ. ಅದು ಹೆಚ್ಚುಕಡಿಮೆ ಪಾರದರ್ಶಕವಾದ ನೀರಿನ ಚೀಲ. ಬೆಳಕು ಎಡದಿಂದ ಬರಲಿ, ಬಲದಿಂದ ಬರಲಿ, ಒಳಗಿರುವ ಆಪ್ಸಿನ್ ಒಂದೇ ರೀತಿ ಫೋಟಾನುಗಳನ್ನು ಹೀರುತ್ತದೆ. ಕೋಶ ಎಷ್ಟು ತಿರುಗಿದರೂ ದಿಕ್ಕು ತಿಳಿಯುವುದಿಲ್ಲ. ಆದರೆ ಅದರ ಒಂದು ಪಕ್ಕಕ್ಕೆ ಕಪ್ಪು ವರ್ಣಕ ತುಂಬಿದ ಇನ್ನೊಂದು ಕೋಶ ಒತ್ತಿಕೊಂಡು ಕುಳಿತರೆ? ಆಗ ಕೋಶಕ್ಕೆ ಬೆನ್ನು ಬಂದಂತಾಯಿತು. ಇನ್ನು ತಿರುಗಿದರೆ ಸಾಕು, ದಿಕ್ಕು ಸಿಕ್ಕಿತು. ಮಸೂರವೂ ಇಲ್ಲ, ಬಿಂಬವೂ ಇಲ್ಲ. ಇಲ್ಲಿ ಕೆಲಸ ಮಾಡುವುದು ನೆರಳು.

ಎರಡೇ ಕೋಶಗಳ ಕಣ್ಣು

ಇದು ಬರಿಯ ಕಲ್ಪನೆಯಲ್ಲ. ಪ್ಲಾಟಿನೆರೀಸ್ ಎಂಬ ಕಡಲ ಹುಳುವಿದೆ. ಪಠ್ಯಪುಸ್ತಕದ ನೆರೀಸಿನ ಹತ್ತಿರದ ಬಂಧು. ಇದರ ಲಾರ್ವ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದೊಡ್ಡದಲ್ಲ. ಅದಕ್ಕೆ ಎರಡು ಕಣ್ಣುಚುಕ್ಕೆಗಳಿವೆ. ಪ್ರತಿಯೊಂದು ಚುಕ್ಕೆಯಲ್ಲಿ ಇರುವುದು ಎರಡೇ ಕೋಶ: ಬೆಳಕನ್ನು ಹಿಡಿಯುವ ಕೋಶ ಒಂದು, ನೆರಳು ಕೊಡುವ ವರ್ಣಕ ಕೋಶ ಒಂದು.

ಈ ಲಾರ್ವದ ಮೈಸುತ್ತ ಲೋಮಾಂಗಗಳ ಪಟ್ಟಿಯಿದೆ. ಅವುಗಳನ್ನು ಬಡಿಯುತ್ತ ಅದು ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗಿ, ಸುರುಳಿಯ ಹಾದಿಯಲ್ಲಿ ಈಜುತ್ತದೆ. ಫಲಕವನ್ನು ನಾವು ಕೈಯಿಂದ ತಿರುಗಿಸಿದೆವಲ್ಲ, ಲಾರ್ವದಲ್ಲಿ ಆ ಕೆಲಸವನ್ನು ಈಜುವಿಕೆಯೇ ಮಾಡುತ್ತದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗಾಸ್ಪರ್ ಯೇಕೆಲಿ ಮತ್ತು ಸಂಗಡಿಗರು 2008ರಲ್ಲಿ ಇದರ ವಿಧಾನವನ್ನು ಬಿಡಿಸಿ ತೋರಿಸಿದರು. ಬೆಳಕು ಹಿಡಿಯುವ ಕೋಶದ ನರತಂತು ಮೆದುಳಿನ ಅಪ್ಪಣೆಗೆ ಕಾಯದೆ ನೇರವಾಗಿ ಅದೇ ಪಕ್ಕದ ಲೋಮಾಂಗ ಕೋಶಗಳನ್ನು ಮುಟ್ಟುತ್ತದೆ. ಬೆಳಕು ಬಿದ್ದ ಪಕ್ಕದಲ್ಲಿ ಲೋಮಾಂಗಗಳು ತಳ್ಳುವ ನೀರಿನ ಹರಿವು ಕಡಿಮೆಯಾಗುತ್ತದೆ.

ಜೋಡೆತ್ತಿನ ಗಾಡಿಯನ್ನು ನೆನೆದುಕೊಳ್ಳಿ. ಬಲಗಡೆಯ ಎತ್ತು ನಿಧಾನಿಸಿದರೆ ಗಾಡಿ ಬಲಕ್ಕೆ ತಿರುಗುತ್ತದೆ. ಇಲ್ಲಿಯೂ ಅಷ್ಟೆ: ಬೆಳಕಿರುವ ಪಕ್ಕ ನಿಧಾನವಾಯಿತು, ಲಾರ್ವ ಬೆಳಕಿನ ಕಡೆ ತಿರುಗಿತು. ಪ್ರತಿ ಸುತ್ತಿನಲ್ಲಿಯೂ ಹೀಗೆ ಸ್ವಲ್ಪಸ್ವಲ್ಪ ತಿದ್ದುಪಡಿಯಾಗುತ್ತ ಅದರ ಹಾದಿ ಬೆಳಕಿನತ್ತ ನೆಟ್ಟಗಾಗುತ್ತದೆ. “ಅರ್ಧ ಕಣ್ಣಿನಿಂದ ಏನು ಉಪಯೋಗ?” ಎಂದು ಕೇಳಿದ ವಿದ್ಯಾರ್ಥಿಗೆ ಈ ಲಾರ್ವವನ್ನು ತೋರಿಸಬಹುದು. ಎರಡು ಕೋಶಗಳ ಕಣ್ಣು ಅರ್ಧ ಕಣ್ಣಲ್ಲ, ತಾನು ಎದುರಿಸುವ ಪ್ರಶ್ನೆಗೆ ಪೂರ್ಣ ಉತ್ತರ.

ಆಳ ಅಳೆಯುವ ಉಪಾಯ

ಬೆಳಕಿನತ್ತ ಹೋಗುತ್ತಲೇ ಇದ್ದರೆ ಲಾರ್ವ ನೀರಿನ ಮೇಲ್ಮೈ ಸೇರುತ್ತದೆ. ಅಲ್ಲಿ ಅತಿನೇರಳೆ ಕಿರಣಗಳ ಅಪಾಯವಿದೆ. ಅತಿನೇರಳೆಯ ಫೋಟಾನುಗಳಿಗೆ ಶಕ್ತಿ ಹೆಚ್ಚು. ಅವು ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಲ್ಲವು. ಹಾಗಾದರೆ ಲಾರ್ವ ಎಷ್ಟು ಮೇಲೆ ಹೋಗಬೇಕು?

ಉತ್ತರ ನೀರಿನ ಭೌತಗುಣದಲ್ಲಿದೆ. ತಿಳಿಯಾದ ಕಡಲ ನೀರಿನಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರುಗಳಲ್ಲಿಯೇ ಹೀರಲ್ಪಡುತ್ತದೆ. ಅತಿ ಆಳಕ್ಕೆ ಇಳಿಯುವುದು ನೀಲಿ. ಅತಿನೇರಳೆಯು ನೀಲಿಗಿಂತ ಬೇಗ ಕ್ಷೀಣಿಸುತ್ತದೆ. ಹೀಗಾಗಿ ಅತಿನೇರಳೆ ಮತ್ತು ನೀಲಿ ಬೆಳಕಿನ ಅನುಪಾತ ಮೇಲ್ಮೈಯಲ್ಲಿ ಹೆಚ್ಚು, ಆಳಕ್ಕೆ ಹೋದಂತೆ ಕಡಿಮೆ. ಈ ಅನುಪಾತವನ್ನು ತಿಳಿಯಬಲ್ಲ ಪ್ರಾಣಿಗೆ ಆಳವೇ ತಿಳಿದಂತೆ.

ಪ್ಲಾಟಿನೆರೀಸ್ ಲಾರ್ವದಲ್ಲಿ ಇದಕ್ಕೂ ವ್ಯವಸ್ಥೆಯಿದೆ ಎಂದು ಯೇಕೆಲಿಯವರ ತಂಡ 2018ರಲ್ಲಿ ತೋರಿಸಿತು. ಅದರ ಮೆದುಳಿನಲ್ಲಿ, ಕಣ್ಣುಚುಕ್ಕೆಗಳಿಂದ ಬೇರೆಯಾಗಿ, ಸುಮಾರು 380 ನ್ಯಾನೊಮೀಟರಿನ ಅತಿನೇರಳೆಗೆ ಸ್ಪಂದಿಸುವ ಕೋಶಗಳಿವೆ. ಇವುಗಳಿಗೆ ನೆರಳು ಕೊಡುವ ವರ್ಣಕವಿಲ್ಲ, ಆದ್ದರಿಂದ ದಿಕ್ಕು ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ಅತಿನೇರಳೆ ಹೆಚ್ಚಾದರೆ ಲಾರ್ವ ಕೆಳಕ್ಕೆ ಈಜುತ್ತದೆ, ಅಷ್ಟೆ. ನೀಲಿ ಬೆಳಕು ಬಾ ಎನ್ನುತ್ತದೆ, ಅತಿನೇರಳೆ ಇಳಿ ಎನ್ನುತ್ತದೆ. ಎರಡೂ ಸರಿದೂಗುವ ಆಳದಲ್ಲಿ ಲಾರ್ವ ನಿಲ್ಲುತ್ತದೆ.

ಇದೇ ಬಗೆಯ ನಡವಳಿಕೆ ಕಾಣಲು ಕಡಲಿಗೇ ಹೋಗಬೇಕಿಲ್ಲ. ಕೆರೆಕುಂಟೆಗಳಲ್ಲಿ ಕುಪ್ಪಳಿಸುವಂತೆ ಈಜುವ ಡ್ಯಾಫ್ನಿಯ ಅಥವಾ ನೀರುಚಿಗಟ ಕಣ್ಣಿಗೆ ಕಾಣುವ ಬೆಳಕಿನತ್ತ ಬರುತ್ತದೆ, ಅತಿನೇರಳೆಯಿಂದ ದೂರ ಸರಿಯುತ್ತದೆ. ಸೀಗಡಿಯ ದೂರದ ಬಂಧುವಾದ ಡ್ಯಾಫ್ನಿಯಕ್ಕೂ ಹುಳುವಾದ ಪ್ಲಾಟಿನೆರೀಸಿಗೂ ಹತ್ತಿರದ ನಂಟಿಲ್ಲ. ಬೆಳಕಿನ ನಿಯಮ ಎರಡಕ್ಕೂ ಒಂದೇ ಆದ್ದರಿಂದ ಉತ್ತರವೂ ಒಂದೇ ಬಗೆಯದಾಗಿದೆ.

ಬೆಂಗಳೂರಿನಲ್ಲಿ ತಲೆಯಿಲ್ಲದ ಹುಳು

ಕಣ್ಣಿನ ಹೊರಗೂ ಬೆಳಕಿನ ಅರಿವು ಇರುತ್ತದೆ ಎಂಬುದಕ್ಕೆ ಬೆರಗು ಹುಟ್ಟಿಸುವ ಪುರಾವೆ ದೊರೆತದ್ದು ನಮ್ಮ ಬೆಂಗಳೂರಿನಲ್ಲಿಯೇ. ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಎಂಬ ಕಾಂಡಕೋಶ ಸಂಶೋಧನಾ ಸಂಸ್ಥೆಯಲ್ಲಿ ಆಕಾಶ್ ಗುಲ್ಯಾನಿ, ದಾಸರಧಿ ಪಾಲಕೋಡೇಟಿ, ನಿಶಾನ್ ಶೆಟ್ಟಿಗಾರ್ ಮತ್ತು ಸಂಗಡಿಗರು ಪ್ಲನೇರಿಯ ಎಂಬ ಸಿಹಿನೀರಿನ ಚಪ್ಪಟೆ ಹುಳುವನ್ನು ಪರೀಕ್ಷಿಸಿದರು. ಅದರ ತಲೆಯ ಮೇಲೆ ಎರಡು ಕಣ್ಣುಗಳಿವೆ. ಪ್ರತಿ ಕಣ್ಣೂ ವರ್ಣಕದ ಚಿಕ್ಕ ಬಟ್ಟಲು, ಮಸೂರವಿಲ್ಲ. ಬೆಳಕು ಬಿದ್ದರೆ ಹುಳು ಕತ್ತಲಿನತ್ತ ಸರಿಯುತ್ತದೆ.

2017ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಹುಳುವಿನ ಎದುರು ಎರಡು ಬಣ್ಣದ ಬೆಳಕುಗಳ ಆಯ್ಕೆಯನ್ನು ಇಡಲಾಯಿತು. ತರಂಗದೂರದಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೂ ಹುಳು ತಪ್ಪದೆ ಒಂದನ್ನು ಆರಿಸಿಕೊಂಡಿತು. ಹಾಗಾದರೆ ಅದಕ್ಕೆ ಬಣ್ಣ ಕಾಣುತ್ತದೆಯೆ? ಬೆಳಕಿನ ತೀವ್ರತೆಯನ್ನು ಬದಲಿಸಿದಾಗ ಆಯ್ಕೆಯೂ ತಲೆಕೆಳಗಾಯಿತು. ಅಂದರೆ ಹುಳು ಬಣ್ಣವನ್ನು ಗುರುತಿಸುತ್ತಿರಲಿಲ್ಲ. ಯಾವ ಕಡೆ ತನ್ನ ಆಪ್ಸಿನ್ ಹೆಚ್ಚು ಬೆಳಕು ಹೀರುತ್ತಿದೆ ಎಂಬುದನ್ನು ಮಾತ್ರ ಹೋಲಿಸುತ್ತಿತ್ತು.

ಪ್ಲನೇರಿಯದ ತಲೆ ಕತ್ತರಿಸಿದರೆ ಅದು ಸಾಯುವುದಿಲ್ಲ, ಹೊಸ ತಲೆ ಬೆಳೆಯುತ್ತದೆ. ತಲೆ ತೆಗೆದ ಹುಳುವಿಗೆ ಕಣ್ಣೂ ಇಲ್ಲ, ಮೆದುಳೂ ಇಲ್ಲ. ಆದರೂ ಅದರ ಮೇಲೆ ಅತಿನೇರಳೆ ಬಿದ್ದಾಗ ಅದು ತಲೆಯಿರುವ ಹುಳುವಿನಂತೆಯೇ ಅಚ್ಚುಕಟ್ಟಾಗಿ ದೂರ ಸರಿಯಿತು. ಇದಕ್ಕೆ ಕಾರಣವೇನೆಂದು 2021ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನ ತಿಳಿಸಿತು. ಹುಳುವಿನ ದೇಹದ ಅಂಚಿನುದ್ದಕ್ಕೂ, ಸೀರೆಯ ಅಂಚಿನ ಚುಕ್ಕಿಗಳಂತೆ, ಬೆಳಕುಗ್ರಾಹಿ ಕೋಶಗಳ ಸಾಲಿದೆ. ಅವುಗಳಲ್ಲಿ ಎರಡು ಬಗೆಯ ಆಪ್ಸಿನ್‌ಗಳಿವೆ. ಕಣ್ಣುಗಳು ಮರಿ ಹೊರಬರುವಾಗಲೇ ಸಿದ್ಧವಾಗಿದ್ದರೆ ಈ ಸಾಲು ಬಲಿಯುವುದು ಹುಳು ಬೆಳೆದ ಮೇಲೆ. ವಿಶ್ರಾಂತಿಯಲ್ಲಿರುವ ಪೂರ್ಣ ಹುಳುವನ್ನು ಎಚ್ಚರಿಸುವುದೂ ಇದೇ ವ್ಯವಸ್ಥೆ. ಕಣ್ಣಿಗೆ ಕಾಣುವ ಬೆಳಕಿನಿಂದ ಏಳದ ಹುಳು ಮಂದ ಅತಿನೇರಳೆಗೆ ಎದ್ದಿತು.

ಕಡಲಿನ ಲಾರ್ವದಲ್ಲಿ ಕಂಡ ಕೆಲಸದ ಹಂಚಿಕೆಯನ್ನು ಇಲ್ಲಿಯೂ ಗಮನಿಸಿ: ಬೆಳಕಿನ ಸೂಕ್ಷ್ಮ ಹೋಲಿಕೆ ಕಣ್ಣಿನದು, ಅತಿನೇರಳೆಯ ಎಚ್ಚರಿಕೆ ಕಣ್ಣಿನ ಹೊರಗಿನದು.

ಕುಳಿಯಿಂದ ಮಸೂರಕ್ಕೆ

ಇನ್ನು ಉಳಿದದ್ದು ಮೂರನೆಯ ಪ್ರಶ್ನೆ. ಕೋಶಗಳ ಚಪ್ಪಟೆ ತೇಪೆಯೊಂದು ಒಳಕ್ಕೆ ಬಾಗಿ ಕುಳಿಯಾದರೆ, ಕುಳಿಯ ಒಂದೊಂದು ಮೂಲೆಗೆ ಒಂದೊಂದು ದಿಕ್ಕಿನ ಬೆಳಕು ಬೀಳುತ್ತದೆ. ಕಡಲಬಂಡೆಗಳಿಗೆ ಟೋಪಿಯಂತೆ ಅಂಟಿಕೊಂಡಿರುವ ಲಿಂಪೆಟ್ ಗುಂಪಿನ ಮೃದ್ವಂಗಿಗಳ ಕಣ್ಣು ಇಂಥ ಕುಳಿ. ಕುಳಿಯ ಬಾಯಿ ಕಿರಿದಾದರೆ ಅದೇ ಸೂಚಿರಂಧ್ರ ಕ್ಯಾಮರಾ. ನಾಟಿಲಸ್ ಎಂಬ ಪ್ರಾಣಿಯ ಕಣ್ಣು ಹಾಗಿದೆ. ಬಾಯಿ ಕಿರಿದಾದಂತೆ ಬಿಂಬ ಸ್ಪಷ್ಟ, ಆದರೆ ಬೆಳಕು ಕಡಿಮೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೇ ಮಸೂರ.

ಮಸೂರವಿದ್ದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗಿಯೇ ಇರಬೇಕೆಂದಿಲ್ಲ. ಕೆರಿಬಿಯನ್ ಕಡಲಿನ ಕಾಂಡ್ಲ ಕಾಡುಗಳಲ್ಲಿ ವಾಸಿಸುವ ಟ್ರೈಪೆಡಾಲಿಯ ಎಂಬ ಪೆಟ್ಟಿಗೆ ಅಂಬಲಿ ಮೀನಿಗೆ 24 ಕಣ್ಣುಗಳಿವೆ. ಅವುಗಳಲ್ಲಿ ಎಂಟಕ್ಕೆ ಮಸೂರವಿದೆ. ಆದರೆ ಮಸೂರದ ಸಂಗಮಬಿಂದು ಅಕ್ಷಿಪಟಲದ ಆಚೆ ಬೀಳುತ್ತದೆ ಎಂದು ಸ್ವೀಡನ್ನಿನ ಡಾನ್-ಎರಿಕ್ ನಿಲ್ಸನ್ ತಂಡ 2005ರಲ್ಲಿ ತೋರಿಸಿತು. ಬಿಂಬ ಮಸುಕು. ಆ ಮಸುಕಿನಿಂದ ಅದಕ್ಕೆ ಲಾಭವೇ ಇರಬಹುದು: ತೇಲುವ ಕಸಕಡ್ಡಿ ಕಾಣದೆ, ದೊಡ್ಡ ವಸ್ತುಗಳು ಮಾತ್ರ ಕಾಣುತ್ತವೆ.

ಅದರ ನಾಲ್ಕು ಕಣ್ಣುಗಳು ಸದಾ ಮೇಲಕ್ಕೇ ನೋಡುತ್ತಿರುತ್ತವೆ. ಏಕೆ? ನೀರಿನಿಂದ ಗಾಳಿಗೆ ಕ್ರಾಂತಿಕೋನ ಸುಮಾರು 49 ಡಿಗ್ರಿ. ಆದ್ದರಿಂದ ನೀರೊಳಗಿನಿಂದ ನೋಡಿದರೆ ಹೊರಜಗತ್ತೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಅಡಕವಾಗಿ ಕಾಣುತ್ತದೆ. ಆ ದುಂಡು ಕಿಟಕಿಯ ಮೂಲಕ ಈ ಪ್ರಾಣಿ ದಡದ ಮರಗಳ ನೆರಳುಗೆರೆಯನ್ನು ಕಂಡು, ಆಹಾರ ಸಿಗುವ ಮರದಡಿಗೆ ಮರಳುತ್ತದೆ ಎಂದು 2011ರ ಅಧ್ಯಯನ ತಿಳಿಸಿತು. ಸಂಪೂರ್ಣ ಆಂತರಿಕ ಪ್ರತಿಫಲನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದು?

ಚಪ್ಪಟೆ ತೇಪೆಯಿಂದ ಮಸೂರವಿರುವ ಕಣ್ಣಿನವರೆಗೆ ಎಷ್ಟು ಕಾಲ ಬೇಕು? ಪ್ರತಿ ಹೆಜ್ಜೆಗೆ ಕೇವಲ ಶೇಕಡಾ ಒಂದರಷ್ಟು ಬದಲಾವಣೆ ಎಂದಿಟ್ಟುಕೊಂಡು ನಿಲ್ಸನ್ ಮತ್ತು ಸುಸಾನ್ ಪೆಲ್ಗರ್ 1994ರಲ್ಲಿ ಲೆಕ್ಕ ಹಾಕಿದರು. 1,829 ಹೆಜ್ಜೆಗಳು, ನಾಲ್ಕು ಲಕ್ಷಕ್ಕಿಂತ ಕಡಿಮೆ ಪೀಳಿಗೆಗಳು ಸಾಕು ಎಂದು ಬಂತು. ವರ್ಷಕ್ಕೊಂದು ಪೀಳಿಗೆಯಾದರೆ ಭೂಮಿಯ ಇತಿಹಾಸದಲ್ಲಿ ಇದು ಕಣ್ಣೆವೆಯಿಕ್ಕುವಷ್ಟು ಹೊತ್ತು.

ಹಳೆಯ ಹಂತಗಳು ನಮ್ಮಲ್ಲಿಯೂ ಅಳಿದಿಲ್ಲ. ನಮ್ಮ ಅಕ್ಷಿಪಟಲದ ಕೆಲವು ನರಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ಆಪ್ಸಿನ್ ಇದೆ. ಅದರ ಮುಖ್ಯ ಕೆಲಸ ಚಿತ್ರ ಮೂಡಿಸುವುದಲ್ಲ. ಹಗಲೋ ಇರುಳೋ ಎಂದು ದೇಹದ ಗಡಿಯಾರಕ್ಕೆ ತಿಳಿಸುವುದು. ಹುಳುಗಳ ಕಣ್ಣಿನ ಆಪ್ಸಿನ್‌ಗಳಿಗೆ ಇದು ಹತ್ತಿರದ ನಂಟು.

ತರಗತಿಯಲ್ಲಿ ಮಾಡಿ ನೋಡಿ

ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಆರ್ಟೀಮಿಯ ಎಂಬ ಉಪ್ಪುನೀರಿನ ಸೀಗಡಿಯ ಒಣಮೊಟ್ಟೆ ಸಿಗುತ್ತದೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಒಂದು ಚಿಟಿಕೆ ಮೊಟ್ಟೆ ಹಾಕಿ, ಬೆಳಕಿನಲ್ಲಿಟ್ಟು, ಮೀನಿನ ತೊಟ್ಟಿಯ ಪಂಪಿನಿಂದ ಗಾಳಿಯಾಡಿಸಿ. ಬೆಚ್ಚಗಿನ ದಿನಗಳಲ್ಲಿ ಒಂದೆರಡು ದಿನಗಳೊಳಗೆ ಕಿತ್ತಳೆ ಬಣ್ಣದ ಲಾರ್ವಗಳು ಹೊರಬರುತ್ತವೆ. ಮೊಟ್ಟೆ ಒಡೆಯುವುದಕ್ಕೂ ಬೆಳಕಿನ ಪ್ರಚೋದನೆ ಬೇಕೆಂಬುದನ್ನು ಮರೆಯಬೇಡಿ. ಪ್ರತಿ ಲಾರ್ವಕ್ಕೆ ಹಣೆಯ ನಡುವೆ ಒಂದೇ ಕಣ್ಣು. ಅದರೊಳಗೆ ವರ್ಣಕದ ಮೂರು ಬಟ್ಟಲುಗಳು.

ಕೋಣೆಯನ್ನು ಕತ್ತಲು ಮಾಡಿ, ಗಾಳಿ ನಿಲ್ಲಿಸಿ, ಪಾತ್ರೆಯ ಒಂದು ಪಕ್ಕಕ್ಕೆ ಎಲ್‌ಇಡಿ ಟಾರ್ಚ್ ಹಿಡಿಯಿರಿ. ಹಳೆಯ ಬಲ್ಬಿನ ಟಾರ್ಚ್ ಬೇಡ. ಸೆಳೆದದ್ದು ಬೆಳಕೋ ಬಿಸಿಯೋ ಎಂಬ ಸಂಶಯ ಉಳಿಯುತ್ತದೆ. ಕೆಲವು ನಿಮಿಷಗಳ ನಂತರ ಎರಡೂ ಪಕ್ಕಗಳಿಂದ ಒಂದೊಂದು ಚಮಚ ನೀರು ತೆಗೆದು ಲಾರ್ವಗಳನ್ನು ಎಣಿಸಿ. ಟಾರ್ಚನ್ನು ಆಚೆ ಪಕ್ಕಕ್ಕೆ ಹಿಡಿದು ಮತ್ತೆ ಎಣಿಸಿ. ಕೆರೆಯಿಂದ ತಂದ ಡ್ಯಾಫ್ನಿಯಗಳೊಂದಿಗೂ ಹೀಗೆಯೇ ಮಾಡಬಹುದು. ಹಸಿವು, ಹೊತ್ತು, ಹಿಂದೆ ಇದ್ದ ಬೆಳಕು ಇವುಗಳಿಂದ ಫಲಿತಾಂಶ ಬದಲಾಗುತ್ತದೆ. ಬಂದದ್ದನ್ನು ಬಂದಂತೆಯೇ ಬರೆದಿಡಿ. ಕೆರೆಯ ಜೀವಿಗಳನ್ನು ಕೆರೆಗೇ ಬಿಡಿ. ಆರ್ಟೀಮಿಯವನ್ನು ಕೆರೆಗೆ ಚೆಲ್ಲದೆ ತೊಟ್ಟಿಯ ಮೀನುಗಳಿಗೆ ಹಾಕಿ. ಅತಿನೇರಳೆ ದೀಪವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ; ಅದು ನಮ್ಮ ಕಣ್ಣಿಗೂ ಕೆಡುಕು.

ಟಾರ್ಚಿಗೆ ಕೆಂಪು, ನೀಲಿ ಗಾಜುಕಾಗದ ಸುತ್ತಿ ನೋಡುವ ಆಸೆ ಮಕ್ಕಳಿಗೆ ಆಗುವುದು ಸಹಜ. ನೋಡಲಿ. ಆದರೆ ಲಾರ್ವಗಳು ನೀಲಿಯತ್ತ ಹೆಚ್ಚು ಬಂದರೆ, “ಇವಕ್ಕೆ ನೀಲಿ ಬಣ್ಣ ಇಷ್ಟ” ಎಂದು ಬರೆಯುವ ಮೊದಲು ಬೆಂಗಳೂರಿನ ಚಪ್ಪಟೆ ಹುಳುವನ್ನು ಅವರಿಗೆ ನೆನಪಿಸಿ. ಎರಡು ಕಾಗದಗಳು ಒಂದೇ ಪ್ರಮಾಣದ ಬೆಳಕನ್ನು ಬಿಡುತ್ತವೆಯೆ? ಅದನ್ನು ಅಳೆಯುವುದು ಹೇಗೆ?

ಕೊನೆಗೆ ಇನ್ನೊಂದು ಪ್ರಶ್ನೆ. ಪಾತ್ರೆಯ ಎಡಕ್ಕೂ ಬಲಕ್ಕೂ ಸಮಾನವಾದ ಎರಡು ಟಾರ್ಚುಗಳನ್ನು ಹಿಡಿದರೆ ಲಾರ್ವಗಳು ಎಲ್ಲಿ ಸೇರುತ್ತವೆ: ಎಡದಲ್ಲಿಯೆ, ಬಲದಲ್ಲಿಯೆ, ನಡುವೆಯೆ, ಅಥವಾ ಎರಡು ಗುಂಪಾಗಿಯೆ? ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊಹೆಯನ್ನೂ ಅದಕ್ಕೆ ಕಾರಣವನ್ನೂ ಮೊದಲು ಬರೆದಿಡಲಿ. ಟಾರ್ಚ್ ಹಚ್ಚುವುದು ಆಮೇಲೆ.